ಬೌಲಿಂಗ್ ಚೆಂಡಿನ ಗುಣವನ್ನು ಲೇನ್ ಮೇಲೆ ನೋಡುವುದು ಹೇಗೆ?

ಆಷಾಢದ ಮಳೆ ಹಿಡಿದುಕೊಂಡಿದ್ದ ಒಂದು ಶನಿವಾರ ಸಂಜೆ. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಜಗಲಿಯಲ್ಲಿ ತಂಗಿಯ ಮಗ ಹಳೆ ಪೇಪರ್ ಹಾಸಿ, ತನ್ನ ಹೊಸ ಬೌಲಿಂಗ್ ಚೆಂಡನ್ನು ಅದರ ಮೇಲಿಟ್ಟ. 15 ಪೌಂಡ್ ತೂಕ, ಹತ್ತಿರಹತ್ತಿರ ಏಳು ಕೆಜಿ. ಬೆಂಗಳೂರಿನಿಂದ ರೈಲಿನಲ್ಲಿ ಹೊತ್ತು ತಂದಿದ್ದ.

"ಮಾವ, ಇದು ಸರಿ ಇಲ್ಲ. ದುಡ್ಡು ದಂಡ ಆಯ್ತು."

"ಎಂತ ಆಯ್ತು, ಸರಿಯಾಗಿ ಹೇಳೋ."

"ಒಂದು ಸಲ ನೆಟ್ಟಗೆ ಹೋಗಿಬಿಡತ್ತೆ. ಇನ್ನೊಂದು ಸಲ ಅದೇ ಥರ ಎಸೆದರೂ ತಲೆಪಿನ್ ದಾಟಿ ಎಡಗಡೆಗೆ ಹೋಗತ್ತೆ. ವಿಡಿಯೊದಲ್ಲಿ ನೋಡಿದಾಗ ಬರೀ ಸ್ಟ್ರೈಕು."

ಲೇನ್ ಎಂಬ ಉದ್ದನೆಯ ನುಣುಪು ದಾರಿಯಲ್ಲಿ ಚೆಂಡು ಉರುಳಿಸಿ, ತುದಿಯಲ್ಲಿ ತ್ರಿಕೋನವಾಗಿ ನಿಲ್ಲಿಸಿದ ಹತ್ತು ಪಿನ್ ಕೆಡವುವ ಆಟ ಇದು. ಎಲ್ಲಕ್ಕಿಂತ ಮುಂದೆ ನಿಂತದ್ದು ತಲೆಪಿನ್, ಹತ್ತೂ ಒಂದೇ ಎಸೆತಕ್ಕೆ ಬಿದ್ದರೆ ಸ್ಟ್ರೈಕ್. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನನಗೆ ಈ ಆಟ ಹಿಡಿಸಿತು. ಊರಿಗೆ ಮರಳಿದ ಮೇಲೂ ತಿಂಗಳಿಗೊಮ್ಮೆ ತಂಗಿಯ ಮನೆಯಲ್ಲಿ ಉಳಿದು ಆಡಿ ಬರುತ್ತೇನೆ. ಅವನ ದೂರು ನನಗೆ ಹೊಸದಲ್ಲ. ಚೆಂಡು ಕೊಂಡವರಲ್ಲಿ ಬಹಳ ಜನ ಅದನ್ನು ಎಷ್ಟು ಪಿನ್ ಬಿತ್ತು ಎಂಬ ಒಂದೇ ಲೆಕ್ಕದಲ್ಲಿ ಅಳೆಯುತ್ತಾರೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೀಲದ ಹೊರಗಿನ ಚಂದ ನೋಡಿ ಯಾರೂ ದರ ಹೇಳುವುದಿಲ್ಲ. ಕೈ ಹಾಕಿ ಹಿಡಿಯಷ್ಟು ತೆಗೆದು, ಎರಡು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ಚೆಂಡನ್ನೂ ಹಾಗೆ ನೋಡಬಹುದು. ಅದಕ್ಕೆ ಮೊದಲು ಆ 60 ಅಡಿ ದಾರಿಯಲ್ಲಿ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು.

ಎಸೆಯುವವರು ದಾಟಬಾರದ ಗೆರೆಗೆ ಫೌಲ್ ಲೈನ್ ಎನ್ನುತ್ತಾರೆ. ಅಲ್ಲಿಂದ ತಲೆಪಿನ್‌ವರೆಗೆ 60 ಅಡಿ, ಸುಮಾರು 18.3 ಮೀಟರ್. ಅಗಲ 41.5 ಇಂಚು. ಆ ಅಗಲದಲ್ಲಿ 39 ಹಲಗೆಗಳು. ಈಗಿನ ಲೇನ್‌ಗಳು ಹೆಚ್ಚಾಗಿ ಸಿಂಥೆಟಿಕ್ ಆಗಿರುವುದರಿಂದ ಹಲಗೆಗಳು ಬರೀ ಗೆರೆಯಾಗಿ ಉಳಿದಿವೆ, ಆದರೆ ಎಣಿಕೆ ಅದೇ. ಬಲಗೈ ಆಟಗಾರ ಬಲದಂಚಿನಿಂದ ಒಂದು, ಎರಡು ಎಂದು ಎಣಿಸುತ್ತಾನೆ. ಐದೈದು ಹಲಗೆಗೊಂದರಂತೆ ಏಳು ಬಾಣದ ಗುರುತುಗಳಿವೆ. ಗುರಿ ಇಡುವುದು ಅವುಗಳ ಮೇಲೆ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಎಣ್ಣೆ. ಯಂತ್ರವೊಂದು ಲೇನ್ ಮೇಲೆ ತೆಳುವಾಗಿ ಎಣ್ಣೆ ಬಳಿಯುತ್ತದೆ. ಸಾಮಾನ್ಯ ಕೇಂದ್ರಗಳಲ್ಲಿ ಅದು ಸುಮಾರು 40 ಅಡಿಯವರೆಗೆ ಇರುತ್ತದೆ, ಕೊನೆಯ 20 ಅಡಿ ಒಣ. ಅಗಲದಲ್ಲೂ ಸಮನಾಗಿರುವುದಿಲ್ಲ: ನಡುವೆ ದಪ್ಪ, ಎರಡೂ ಅಂಚಿನ ಕಡೆ ತೆಳು.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಹಳ್ಳಿಮನೆಯ ಅಂಗಳ ಹಾವಸೆ ಕಟ್ಟಿ ಜಾರುತ್ತದೆ, ಓಡಾಡಲು ಅಡಿಕೆ ದಬ್ಬೆ ಹಾಸುತ್ತಾರೆ. ಒಂದು ತೆಂಗಿನಕಾಯಿಯನ್ನು ಪಕ್ಕಕ್ಕೆ ತಿರುಚಿ ಆ ಅಂಗಳದ ಮೇಲೆ ಉರುಳಿಸಿ. ಹಾವಸೆಯ ಮೇಲೆ ಅದು ಗಿರ್ರನೆ ತಿರುಗುತ್ತಲೇ ಜಾರುತ್ತದೆ, ದಿಕ್ಕು ಬದಲಿಸುವುದಿಲ್ಲ. ದಬ್ಬೆಗೆ ತಾಗಿದ ಕೂಡಲೇ ಆ ತಿರುಚಿಗೆ ಹಿಡಿತ ಸಿಕ್ಕಿ ಪಕ್ಕಕ್ಕೆ ಎಳೆಯುತ್ತದೆ. ಬೌಲಿಂಗ್ ಚೆಂಡು ಹುಕ್ ಆಗುವುದು, ಅಂದರೆ ಪಕ್ಕಕ್ಕೆ ಬಾಗುವುದು, ಇದೇ ಕಾರಣಕ್ಕೆ. ಎಣ್ಣೆ ಹಾವಸೆಯ ಹಾಗೆ, ಒಣ ಭಾಗ ದಬ್ಬೆಯ ಹಾಗೆ.

ಈಗ ಸ್ವಲ್ಪ ಲೆಕ್ಕ. ನನಗೆ ಈ ಆಟ ಅರ್ಥವಾದದ್ದೇ ಈ ಲೆಕ್ಕದಿಂದ. ಚೆಂಡಿನ ಸುತ್ತಳತೆ ಸುಮಾರು 27 ಇಂಚು, ಅಂದರೆ 68 ಸೆಂಟಿಮೀಟರ್ ಚಿಲ್ಲರೆ. ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಎಸೆದರೆ ಅದು ಸೆಕೆಂಡಿಗೆ ಏಳೂವರೆ ಮೀಟರ್ ಮುಂದೆ ಹೋಗುತ್ತದೆ. ಕೈಯಿಂದ ಬಿಡುವಾಗ ನಿಮಿಷಕ್ಕೆ 300 ಸುತ್ತು ತಿರುಗಿಸಿದ್ದೀರಿ ಎನ್ನೋಣ. ಸೆಕೆಂಡಿಗೆ ಐದು ಸುತ್ತು. ಐದು ಸುತ್ತಿಗೆ ಚೆಂಡಿನ ಮೈ ಸುಮಾರು 3.4 ಮೀಟರ್ ತಿರುಗುತ್ತದೆ. ಚೆಂಡು ಹೋಗುತ್ತಿರುವುದು 7.5 ಮೀಟರ್, ಉರುಳುವುದರಿಂದ ಆಗುವುದು 3.4 ಮೀಟರ್. ಉಳಿದದ್ದೆಲ್ಲ ಜಾರಾಟ. ಹೀಗಾಗಿ ಯಾವ ಚೆಂಡೂ ಮೊದಲು ಜಾರಲೇಬೇಕು. ಆಮೇಲೆ ಹಿಡಿತ ಸಿಕ್ಕಂತೆ ಮುಂದಿನ ವೇಗ ಇಳಿಯುತ್ತದೆ, ತಿರುಗುವ ವೇಗ ಏರುತ್ತದೆ, ಪಕ್ಕದ ತಿರುಚು ದಿಕ್ಕು ಬದಲಿಸುತ್ತದೆ. ಎರಡು ವೇಗಗಳೂ ಸರಿಹೊಂದಿದ ಕ್ಷಣದಿಂದ ಚೆಂಡು ಶುದ್ಧವಾಗಿ ಉರುಳುತ್ತದೆ, ಅಲ್ಲಿಂದ ಮುಂದೆ ಬಾಗುವುದಿಲ್ಲ. ಆಟಗಾರರು ಈ ಮೂರು ಹಂತಗಳನ್ನು ಸ್ಕಿಡ್, ಹುಕ್, ರೋಲ್ ಎನ್ನುತ್ತಾರೆ. ಎಲ್ಲ ಸೇರಿ ಎರಡೂವರೆ ಸೆಕೆಂಡಿನ ಆಸುಪಾಸು.

ಚೆಂಡಿನ ಗುಣ ನೋಡುವುದೆಂದರೆ ಈ ಮೂರು ಹಂತಗಳು ಎಲ್ಲೆಲ್ಲಿ ಮುಗಿಯುತ್ತವೆ ಎಂದು ನೋಡುವುದು. ರೋಲ್ ಬಹಳ ಬೇಗ ಬಂದರೆ ಚೆಂಡು ಸತ್ವವನ್ನು ದಾರಿಯಲ್ಲೇ ಖರ್ಚು ಮಾಡಿ ಪಿನ್‌ಗೆ ತಾಗಿದಾಗ ಪಕ್ಕಕ್ಕೆ ಸರಿದುಬಿಡುತ್ತದೆ. ಬರಲೇ ಇಲ್ಲವೆಂದರೆ ಇನ್ನೂ ಜಾರುತ್ತಾ ಪಿನ್‌ಗೆ ಬಡಿಯುತ್ತದೆ, ಬೇಕಾದ ಕೋನ ಸಿಗುವುದಿಲ್ಲ. ಪಿನ್‌ಗಳಿಗೆ ಸ್ವಲ್ಪ ಮುಂಚೆ ಹುಕ್ ಮುಗಿಸಿ ಉರುಳುತ್ತಾ ಒಳಹೋಗುವ ಚೆಂಡು ನಮಗೆ ಬೇಕು.

ಕೋನದ ಮಾತು ಬಂತು. ಪಿನ್‌ಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ, ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ, ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ. ಒಂದು ಎಂದರೆ ತಲೆಪಿನ್. ಬಲಗೈಯವರಿಗೆ ಒಂದು ಮತ್ತು ಮೂರನೇ ಪಿನ್‌ಗಳ ನಡುವಿನ ಜಾಗಕ್ಕೆ ಪಾಕೆಟ್ ಎಂದು ಹೆಸರು. ಅದು ಹದಿನೇಳೂವರೆ ಹಲಗೆಯ ಸುತ್ತ ಇದೆ. ಅಮೆರಿಕದಲ್ಲಿ ಈ ಆಟದ ನಿಯಮ ನೋಡಿಕೊಳ್ಳುವ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ (ಯುಎಸ್‌ಬಿಸಿ) ಪರೀಕ್ಷೆಗಳ ಪ್ರಕಾರ ಅಲ್ಲಿಗೆ ಸುಮಾರು 6 ಡಿಗ್ರಿ ಕೋನದಲ್ಲಿ ನುಗ್ಗಿದರೆ ಸ್ಟ್ರೈಕ್ ಸಿಗುವ ಅವಕಾಶ ಹೆಚ್ಚು. ನೇರ ಎಸೆತಕ್ಕೆ ಇದು ಸಾಧ್ಯವೇ ಇಲ್ಲ: ಬಲದಂಚಿನಿಂದ ಪಾಕೆಟ್‌ಗೆ ಗೆರೆ ಎಳೆದರೂ 60 ಅಡಿ ಉದ್ದಕ್ಕೆ ಆ ಕೋನ ಒಂದೂವರೆ ಡಿಗ್ರಿ ದಾಟುವುದಿಲ್ಲ. ಜನ ಹುಕ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಹಾಗಾದರೆ ಒಂದು ಚೆಂಡು ಬೇಗ ತಿರುಗಿ ಇನ್ನೊಂದು ತಡವಾಗಿ ತಿರುಗುವುದು ಏಕೆ? ಅಂಗಡಿಯವರು ಮೊದಲು ಹೇಳುವುದು ಒಳಗಿನ ಕೋರ್ ಬಗ್ಗೆ. ಚೆಂಡಿನೊಳಗೆ ಬಲ್ಬು, ಬುಗುರಿ, ಮುರುಕಲು ಕಲ್ಲು, ಹೀಗೆ ನಾನಾ ಆಕಾರದ ಭಾರದ ತಿರುಳು ಇರುತ್ತದೆ. ಆರ್‌ಜಿ ಎಂಬ ಅಂಕಿ ಆ ಭಾರ ನಡುವಿನಿಂದ ಎಷ್ಟು ದೂರ ಹರಡಿದೆ ಎಂಬುದನ್ನು ಹೇಳುತ್ತದೆ. ನಿಯಮದಂತೆ ಅದು 2.46ರಿಂದ 2.80 ಇಂಚಿನ ಒಳಗಿರಬೇಕು. ಕಡಿಮೆ ಇದ್ದರೆ ಚೆಂಡು ಬೇಗ ಸುತ್ತು ಹಿಡಿಯುತ್ತದೆ, ಹೆಚ್ಚಿದ್ದರೆ ತಡವಾಗಿ. ಡಿಫರೆನ್ಷಿಯಲ್ ಎಂಬ ಇನ್ನೊಂದು ಅಂಕಿಗೆ ಮಿತಿ 0.060. ತಿರುಗುವಾಗ ಚೆಂಡಿನ ಅಕ್ಷ ಎಷ್ಟು ಸರಿಯಬಲ್ಲದು ಎಂಬುದಕ್ಕೆ ಅದು ಸೂಚನೆ. ಬೆರಳಿನ ತೂತುಗಳನ್ನು ಎಲ್ಲಿ ಕೊರೆಸಿದ್ದೀರಿ ಎಂಬುದೂ ಇದರ ಜೊತೆ ಸೇರುತ್ತದೆ. ಒಂದೇ ಮಾದರಿಯ ಎರಡು ಚೆಂಡು ಎರಡು ಥರ ಓಡಲು ಅಷ್ಟು ಸಾಕು. ಹಳೆಯ ವಿಡಿಯೊ ನೋಡುವವರು ಗಮನಿಸಿ: ತೂಕ ಸರಿದೂಗಿಸಲು ಕೊರೆಯುತ್ತಿದ್ದ ಹೆಚ್ಚುವರಿ ತೂತನ್ನು ಯುಎಸ್‌ಬಿಸಿ 2020ರ ಆಗಸ್ಟ್‌ನಿಂದ ನಿಷೇಧಿಸಿದೆ. ಅಂಥ ಚೆಂಡಿನ ಓಟವನ್ನು ಇಂದಿನದಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಆದರೆ ನನ್ನ ಅನುಭವದಲ್ಲಿ ಕೋರ್‌ಗಿಂತ ದೊಡ್ಡದು ಮೇಲ್ಮೈ. ಯುಎಸ್‌ಬಿಸಿ ಚೆಂಡಿನ ಚಲನೆಯ ಬಗ್ಗೆ ಅಧ್ಯಯನ ಮಾಡಿ ಕಂಡುಕೊಂಡದ್ದೂ ಇದನ್ನೇ. ಚೆಂಡಿನ ಮೈ ಎಷ್ಟು ಒರಟು ಎಂಬುದು ಉಳಿದೆಲ್ಲ ಗುಣಗಳಿಗಿಂತ ಹೆಚ್ಚು ಪರಿಣಾಮ ಮಾಡುತ್ತದೆ. ಮರಳುಕಾಗದದಂಥ ಪ್ಯಾಡ್‌ಗಳಿವೆ, 500, 1000, 2000, 4000 ಎಂದು ಅಂಕಿ. ಅಂಕಿ ಕಡಿಮೆಯಾದಷ್ಟೂ ಒರಟು. ಒರಟು ಮೈ ಎಣ್ಣೆಯನ್ನು ಸೀಳಿಕೊಂಡು ಲೇನ್ ಹಿಡಿಯುತ್ತದೆ, ಬೇಗ ತಿರುಗಲು ಶುರುಮಾಡುತ್ತದೆ, ಆದರೆ ಮೆಲ್ಲಗೆ ಬಾಗುತ್ತದೆ. ಪಾಲಿಶ್ ಮಾಡಿದ ಮೈ ಎಣ್ಣೆಯ ಮೇಲೆ ತೇಲಿಹೋಗಿ ಒಣಗಿದ ಕಡೆ ಒಮ್ಮೆಗೇ ತಿರುಗುತ್ತದೆ.

ಈ ಆಟದ ಚರಿತ್ರೆಯೂ ಬಹುಪಾಲು ಮೇಲ್ಮೈಯ ಚರಿತ್ರೆಯೇ. ಮೊದಲು ಲಿಗ್ನಮ್ ವಿಟೇ ಎಂಬ ಗಟ್ಟಿ ಮರದ ಚೆಂಡು, 20ನೇ ಶತಮಾನದ ಆರಂಭದಲ್ಲಿ ರಬ್ಬರ್, ಆಮೇಲೆ ಪ್ಲಾಸ್ಟಿಕ್. 1973ರಲ್ಲಿ ಅಮೆರಿಕದ ವೃತ್ತಿಪರ ಆಟಗಾರ ಡಾನ್ ಮೆಕ್ಯೂನ್ ಪ್ಲಾಸ್ಟಿಕ್ ಚೆಂಡನ್ನು ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಸಿ ಅದರ ಮೈ ಮೆದು ಮಾಡಿಕೊಂಡರು. ಕೋರ್ ಬದಲಾಗಿರಲಿಲ್ಲ, ತೂಕ ಬದಲಾಗಿರಲಿಲ್ಲ, ಮೈ ಮಾತ್ರ ಲೇನನ್ನು ಹಿಡಿಯಲು ಶುರುಮಾಡಿತು. ಆ ವರ್ಷ ವೃತ್ತಿಪರ ಸಂಘದ ವರ್ಷದ ಆಟಗಾರ ಅವರೇ. ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿ ಬಂದದ್ದು ಇದರ ನಂತರ. 1980ರ ದಶಕದಲ್ಲಿ ಯುರೆಥೇನ್ ಬಂತು, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ಇಂದು ಹುಕ್ ಚೆಂಡು ಎಂದು ಮಾರುವುದು ಹೆಚ್ಚಾಗಿ ಈ ಕೊನೆಯದನ್ನೇ. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಅವು ಎಣ್ಣೆ ಹೀರುತ್ತವೆ.

ಜಗಲಿಯ ಟ್ಯೂಬ್‌ಲೈಟ್ ಕೆಳಗೆ ನಾನು ಅಳಿಯನ ಚೆಂಡನ್ನು ತಿರುಗಿಸಿ ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಕಾರ್ಖಾನೆಯ ಪಾಲಿಶ್ ಇನ್ನೂ ಮಾಸಿರಲಿಲ್ಲ. "ಯಾವಾಗ ಆಡಿದ್ದು?" ಅಂದೆ. "ಭಾನುವಾರ ಮಧ್ಯಾಹ್ನ ಮಾವ, ಸಿಕ್ಕಾಪಟ್ಟೆ ರಶ್ಶಿತ್ತು." ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು. ಬೆಳಗಿನಿಂದ ನೂರಾರು ಚೆಂಡು ಉರುಳಿದ ಲೇನ್‌ನಲ್ಲಿ ಎಣ್ಣೆ ಎಲ್ಲಿದೆ, ಎಲ್ಲಿ ಸವೆದಿದೆ ಎಂದು ಹೇಳುವವರು ಯಾರೂ ಇಲ್ಲ. ಹೊಳೆಯುವ ಚೆಂಡು ಉಳಿದ ಎಣ್ಣೆಗೆ ಸಿಕ್ಕರೆ ಜಾರಿಹೋಗುತ್ತದೆ, ಒಂದು ಹಲಗೆ ಆಚೆ ಒಣಗಿದ್ದಕ್ಕೆ ಸಿಕ್ಕರೆ ಗಕ್ಕನೆ ತಿರುಗುತ್ತದೆ. ಕೈಯಲ್ಲಿ ಒಂದಿಂಚು ವ್ಯತ್ಯಾಸವಾದರೆ ಪಿನ್ ಹತ್ತಿರ ಒಂದಡಿ ವ್ಯತ್ಯಾಸ. ಅಂಥ ದಿನ ಚೆಂಡಿಗೆ ಅಂಕ ಕೊಡಬಾರದು.

ಎರಡು ವಾರ ಬಿಟ್ಟು ಬೆಂಗಳೂರಿನಲ್ಲಿ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಹೊಸದಾಗಿ ಎಣ್ಣೆ ಬಳಿದ ಲೇನ್ ಕೊಡಿ ಎಂದು ಕೇಳಿಕೊಂಡೆವು. ಅವನ ಹಳೆಯ ಚೆಂಡನ್ನೂ ತರಲು ಹೇಳಿದ್ದೆ. ಅದು 2000 ಪ್ಯಾಡ್ ಹಚ್ಚಿದ, ಹೊಳಪಿಲ್ಲದ ಸಾಧಾರಣ ರಿಯಾಕ್ಟಿವ್. ಹೊಸ ಚೆಂಡನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಪರಿಚಯವಿರುವ ಚೆಂಡು ಪಕ್ಕದಲ್ಲಿರಬೇಕು. ಎರಡನ್ನೂ ಒಂದಾದ ಮೇಲೊಂದು ಎಸೆಯಬೇಕು, ಆಗ ಎಣ್ಣೆ ಸವೆಯುವುದರ ಪಾಲು ಎರಡಕ್ಕೂ ಸಮನಾಗಿ ಬರುತ್ತದೆ.

ಮೊದಲ ಆರಾರು ಎಸೆತ ಎರಡನೇ ಬಾಣದ ಮೇಲೆ, ಅಂದರೆ ಹತ್ತನೇ ಹಲಗೆ. ಅವನಿಗೆ ಹೇಳಿದ್ದು ಒಂದೇ: ಪಿನ್ ನೋಡಬೇಡ. ಚೆಂಡು ಬಲಕ್ಕೆ ಹೋಗುವುದನ್ನು ಬಿಟ್ಟು ಒಳಕ್ಕೆ ತಿರುಗುವ ಜಾಗಕ್ಕೆ ಬ್ರೇಕ್‌ಪಾಯಿಂಟ್ ಎನ್ನುತ್ತಾರೆ. ಅದು ಎಷ್ಟನೇ ಹಲಗೆಯಲ್ಲಿ, ಎಷ್ಟು ದೂರದಲ್ಲಿ ಆಯಿತು ಎಂದು ನೋಡು. ಇದಕ್ಕೊಂದು ಸರಳ ಸೂತ್ರವಿದೆ. ಎಣ್ಣೆಯ ಉದ್ದದಿಂದ 31 ಕಳೆದರೆ ಚೆಂಡು ಎಣ್ಣೆ ಬಿಡುವಾಗ ಎಷ್ಟನೇ ಹಲಗೆಯಲ್ಲಿದ್ದರೆ ಒಳ್ಳೆಯದು ಎಂಬುದರ ಅಂದಾಜು ಸಿಗುತ್ತದೆ. 40 ಅಡಿಗೆ ಒಂಬತ್ತನೇ ಹಲಗೆ. ಅಂದಾಜು ಮಾತ್ರ, ಆದರೆ ಕಣ್ಣು ಎಲ್ಲಿ ನೆಡಬೇಕು ಎಂಬುದಕ್ಕೆ ಸಾಕು.

ನಾನು ಹಿಂದೆ ಮೊಬೈಲ್ ಹಿಡಿದು ನಿಂತಿದ್ದೆ. ಸೆಕೆಂಡಿಗೆ 60 ಚಿತ್ರ ಹಿಡಿಯುವ ಯಾವ ಮೊಬೈಲಾದರೂ ಆಗುತ್ತದೆ. ಚೆಂಡು ಫೌಲ್ ಲೈನ್ ದಾಟಿದ ಚಿತ್ರದಿಂದ ತಲೆಪಿನ್ ಮುಟ್ಟಿದ ಚಿತ್ರದವರೆಗೆ ಎಣಿಸಿದರೆ ವೇಗ ಸಿಗುತ್ತದೆ. 144 ಚಿತ್ರ ಎಂದರೆ 2.4 ಸೆಕೆಂಡು, ಗಂಟೆಗೆ ಸುಮಾರು 27 ಕಿಲೋಮೀಟರ್. ಚೆಂಡಿನ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿದ್ದರೆ ಸುತ್ತುಗಳನ್ನೂ ಎಣಿಸಬಹುದು. ಒಂದು ಸುತ್ತಿಗೆ 12 ಚಿತ್ರ ಹಿಡಿದರೆ ನಿಮಿಷಕ್ಕೆ 300 ಸುತ್ತು. ಚೆಂಡಿನ ಗುಣ ಬೇರೆ, ಕೈಯ ಗುಣ ಬೇರೆ. ವೇಗ ಎಸೆತದಿಂದ ಎಸೆತಕ್ಕೆ ಏರಿಳಿಯುತ್ತಿದ್ದರೆ ಚೆಂಡನ್ನು ದೂರುವುದು ತಪ್ಪು. ಅಳಿಯನ ಎಸೆತ ಹೆಚ್ಚೂ ಕಮ್ಮಿ ಸಮನಾಗಿತ್ತು, ಹಾಗಾಗಿ ಪರೀಕ್ಷೆ ಮುಂದುವರಿಸಿದೆವು.

ಆಮೇಲೆ ಮಾಡಿದ್ದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಬೇಕೆಂದೇ ತಪ್ಪು ಎಸೆಯುವುದು, ಒಮ್ಮೆ ಲೇನ್ ನಡುವಿನ ಕಡೆಗೆ (ಒಳಗೆ), ಒಮ್ಮೆ ಅಂಚಿನ ಕಡೆಗೆ (ಹೊರಗೆ). ಎರಡು ಹಲಗೆ ಒಳಗೆ, ಎರಡು ಹಲಗೆ ಹೊರಗೆ. ಹಳೆಯ ಚೆಂಡು ಎರಡು ತಪ್ಪನ್ನೂ ಸಹಿಸಿತು: ಒಳಗೆ ಹೋದದ್ದು ಪಾಕೆಟ್‌ನ ಬಲಬದಿಗೆ ತಾಗಿತು, ಹೊರಗೆ ಹೋದದ್ದು ತುಸು ಎಡಕ್ಕೆ, ಎರಡೂ ಪಾಕೆಟ್‌ನ ಆಸುಪಾಸಿನಲ್ಲೇ. ಹೊಸ ಚೆಂಡು ಒಳಗೆ ಹೋದಾಗ ಎಣ್ಣೆಯ ಮೇಲೆ ತೇಲುತ್ತಾ ತಲೆಪಿನ್ನನ್ನು ಸವರಿತು ಅಷ್ಟೆ. ಹೊರಗೆ ಹೋದಾಗ ಒಣ ಹಲಗೆ ಕಚ್ಚಿಕೊಂಡು ತಲೆಪಿನ್‌ನ ಎಡಕ್ಕೆ ಹಾರಿತು. ಅವನು ಜಗಲಿಯಲ್ಲಿ ಹೇಳಿದ ದೂರು ಅಕ್ಷರಶಃ ಕಣ್ಣೆದುರು ಕಂಡಿತು. ಚೆಂಡಿನಲ್ಲಿ ದೋಷವಿರಲಿಲ್ಲ. ಎಣ್ಣೆಗೂ ಒಣ ಜಾಗಕ್ಕೂ ಇರುವ ಅಂತರವನ್ನು ಅದು ಹಿಗ್ಗಿಸಿ ತೋರಿಸುತ್ತಿತ್ತು.

ಪಿನ್‌ಗಳನ್ನು ನೋಡಬೇಡ ಎಂದೆನಲ್ಲ, ಕೊನೆಗೆ ಅವನ್ನೂ ನೋಡಬೇಕು, ಆದರೆ ಎಷ್ಟು ಬಿತ್ತು ಎಂದಲ್ಲ, ಹೇಗೆ ಬಿತ್ತು ಎಂದು. ಬಲಗೈಯವರ ಸರಿಯಾದ ಸ್ಟ್ರೈಕ್‌ನಲ್ಲಿ ಚೆಂಡು ತಾನಾಗಿ ತಾಗುವುದು ನಾಲ್ಕೇ ಪಿನ್‌ಗಳಿಗೆ: 1, 3, 5, 9. ಒಂದು ಎರಡನ್ನು, ಎರಡು ನಾಲ್ಕನ್ನು, ನಾಲ್ಕು ಏಳನ್ನು ಕೆಡವುತ್ತದೆ. ಮೂರು ಆರನ್ನು, ಆರು ಹತ್ತನ್ನು. ಐದು ಎಂಟನ್ನು. ಪಿನ್ ಒಂದೂವರೆ ಕೆಜಿ ದಾಟುತ್ತದೆ, ಆದ್ದರಿಂದ ಪ್ರತಿ ಹೊಡೆತಕ್ಕೂ ಚೆಂಡು ತುಸು ಪಕ್ಕಕ್ಕೆ ಸರಿಯುತ್ತದೆ. ಸತ್ವ ಉಳಿದಿರುವ ಚೆಂಡು ಕಡಿಮೆ ಸರಿದು ಒಂಬತ್ತನ್ನು ತಲುಪುತ್ತದೆ. ಸತ್ವ ಮುಗಿದದ್ದು, ಅಥವಾ ಕೋನ ಸಾಲದ್ದು, ಹೆಚ್ಚು ಸರಿದು ಐದನ್ನೇ ಬಿಟ್ಟುಹೋಗಬಹುದು.

ಹತ್ತನೇ ಪಿನ್ ನಿಂತಾಗ ಆರನೆಯದು ಎಲ್ಲಿ ಬಿತ್ತು ನೋಡಿ. ಅದು ರಭಸದಿಂದ ಹತ್ತರ ಕತ್ತಿನ ಸುತ್ತ ಹಾರಿಹೋಗಿದ್ದರೆ ಹೊಡೆತ ಗಟ್ಟಿಯಾಗಿತ್ತು, ಕೂದಲೆಳೆಯ ವ್ಯತ್ಯಾಸ. ಸುಮ್ಮನೆ ಗಟರ್‌ಗೆ, ಅಂದರೆ ಲೇನ್ ಅಂಚಿನ ಕಾಲುವೆಗೆ, ಜಾರಿ ಹತ್ತರ ಎದುರು ಮಲಗಿದ್ದರೆ ಚೆಂಡಿನಲ್ಲಿ ಜೀವ ಇರಲಿಲ್ಲ. ಎರಡೂ ಕಡೆ ಅಂಕ 9 ಎಂದೇ ತೋರಿಸುತ್ತದೆ, ಆದರೆ ಮಾಡಬೇಕಾದ ತಿದ್ದುಪಡಿ ಬೇರೆಬೇರೆ. ಹೊಸ ಚೆಂಡಿನಲ್ಲಿ ಅಳಿಯನಿಗೆ ಬಂದವು ಹೆಚ್ಚಾಗಿ ಈ ಎರಡನೇ ಬಗೆಯವು, ಆರು ಗಟರ್‌ನಲ್ಲಿ ಮಲಗಿದಂಥವು.

ಎಸೆತದಿಂದ ವಾಪಸ್ ಬಂದ ಚೆಂಡನ್ನು ಒರೆಸುವ ಮುಂಚೆ ಬೆಳಕಿಗೆ ಹಿಡಿದೆವು. ಅದರ ಮೈಮೇಲೆ ಎಣ್ಣೆಯ ಉಂಗುರಗಳು ಕಾಣುತ್ತವೆ, ಒಂದೊಂದು ಸುತ್ತಿಗೆ ಒಂದೊಂದು. ಅಕ್ಷ ಸರಿಯುತ್ತಾ ಹೋಗುವುದರಿಂದ ಉಂಗುರಗಳು ಒಂದರ ಮೇಲೊಂದು ಕೂರದೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಹೀಗೆ ಬಿಚ್ಚಿಕೊಂಡಾಗ ಪ್ರತಿ ಸುತ್ತಿಗೂ ಎಣ್ಣೆ ತಾಗದ ಹೊಸ ಮೈ ಲೇನ್‌ಗೆ ಸಿಗುತ್ತದೆ. ಮೇಣದ ಪೆನ್ಸಿಲ್‌ನಲ್ಲಿ ಮೊದಲ ಮತ್ತು ಕೊನೆಯ ಉಂಗುರ ಗುರುತಿಸಿ, ಅಗಲವಾದ ಕಡೆ ಅಳೆದೆವು. ಹೊಸದರಲ್ಲಿ ಹತ್ತಿರಹತ್ತಿರ ಐದು ಇಂಚು, ಹಳೆಯದರಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಂಗುರಗಳು ಬೆರಳಿನ ತೂತಿನ ಮೇಲೆ ಹಾಯ್ದಿರಲಿಲ್ಲ. ಹಾಯ್ದಿದ್ದರೆ ಉರುಳುವಾಗ ಟಕ್‌ಟಕ್ ಸದ್ದು ಬರುತ್ತಿತ್ತು, ಕೊರೆದ ಜಾಗವೇ ತಪ್ಪು ಎನ್ನಬೇಕಾಗುತ್ತಿತ್ತು. ಕೋರ್ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿದೆ, ಮೇಲಿನ ಹೊಳಪು ಅದನ್ನು ಲೇನ್‌ಗೆ ತಲುಪಲು ಬಿಡುತ್ತಿಲ್ಲ ಎಂಬುದು ಆಗ ಸ್ಪಷ್ಟವಾಯಿತು.

ನಮ್ಮ ಕಡೆಯವರಿಗೆ ಎರಡು ಮಾತು. ಮಳೆಗಾಲದಲ್ಲಿ ಶೂ ಅಡಿಭಾಗ ಒದ್ದೆಯಾಗಿದ್ದರೆ ದಯವಿಟ್ಟು ಎಸೆಯಲು ಹೋಗಬೇಡಿ. ಜಾರಬೇಕಾದ ಕಾಲು ಗಕ್ಕನೆ ನಿಂತು ಏಳು ಕೆಜಿ ಭಾರದ ಜೊತೆ ಮುಗ್ಗರಿಸಿದರೆ ಮೊಣಕಾಲು ಹೋಗುತ್ತದೆ. ಮತ್ತೆ, ಚೆಂಡಿನ ಎಣ್ಣೆಯನ್ನು ಆಟ ಮುಗಿದ ಕೂಡಲೇ, ಅದು ಒಳಗೆ ಇಳಿಯುವ ಮುಂಚೆ, ಮೈಕ್ರೋಫೈಬರ್ ಬಟ್ಟೆ ಮತ್ತು ಚೆಂಡಿನ ಕ್ಲೀನರ್‌ನಿಂದ ಒರೆಸಿ. ಥಂಡಿ ಎಂದು ಬಚ್ಚಲ ಒಲೆಯ ಪಕ್ಕ ಇಡಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಡಬೇಡಿ. ಒಮ್ಮೆಗೇ ಬಿಸಿ, ಒಮ್ಮೆಗೇ ತಂಪು ಆದರೆ ಮೈ ಬಿರುಕು ಬಿಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಸವೆದು ಎರಡೂ ಚೆಂಡು ಬೇಗ ತಿರುಗತೊಡಗಿದವು. ಎರಡು ಹಲಗೆ ಎಡಕ್ಕೆ ನಿಂತು, ಗುರಿಯನ್ನು ಒಂದು ಹಲಗೆ ಎಡಕ್ಕೆ ಸರಿಸಿ ಇನ್ನೊಂದು ಆಟ ಆಡಿದೆವು. ಹಳೆಯದು ಆ ಹೊತ್ತಿಗೆ ಸುಸ್ತಾದಂತೆ ಕಂಡಿತು. ಹೊಸದಕ್ಕೆ ಅಲ್ಲಿ ಒಳ್ಳೆಯ ಓಟ ಸಿಕ್ಕಿತು, ಎಣ್ಣೆ ಉಳಿದಿದ್ದ ಒಳಹಲಗೆಗಳಿಂದ ಹೊರಟು ಕೊನೆಯಲ್ಲಿ ಗಟ್ಟಿಯಾಗಿ ತಿರುಗಿತು. "ಮಾವ, ಈಗ ನೋಡಿ, ಆರು ಹತ್ತಕ್ಕೆ ಹೇಗೆ ಹೊಡೀತಿದೆ!" ಎಂದು ಅವನೇ ಕೂಗಿದ. ಅಂಕಪಟ್ಟಿಯ ಕಡೆ ತಿರುಗಿಯೂ ನೋಡಿರಲಿಲ್ಲ.

ಅವನ ನೋಟ್‌ಬುಕ್ಕಿನಲ್ಲಿ ಈಗ ಎರಡು ಪುಟ ತುಂಬಿವೆ. ಮೂರನೇ ಪುಟಕ್ಕೆ ಗೆರೆ ಹಾಕಿಟ್ಟಿದ್ದಾನೆ: ಹೊಸ ಚೆಂಡಿನ ಪಾಲಿಶ್ ತೆಗೆದು 2000 ಪ್ಯಾಡ್ ಹಚ್ಚಿ, ಬೆಳಗಿನ ಎಣ್ಣೆ, ಎರಡನೇ ಬಾಣ, ಆರು ಎಸೆತ, ಆಮೇಲೆ ಎರಡು ಹಲಗೆ ಒಳಗೆ, ಎರಡು ಹಲಗೆ ಹೊರಗೆ.